ಅವ್ವನ ತಲೆಯೊಳಗಿನ ಕಬ್ಬಿಣ

ಜರ್ಮನಿಯ ಲೈಪ್‌ಜಿಗ್‌ಗೆ ಬಂದಾಗ ಬಾಡಿಗೆ ಮನೆಯ ಬೀಗದ ಕೈಗಿಂತ ಮೊದಲು ನನ್ನ ಕೈಗೆ ಸಿಕ್ಕಿದ್ದು ಒಂದು ಮೆದುಳಿನ ಚೂರು. ಗಾಜಿನ ಪಟ್ಟಿಗೆ ಅಂಟಿಸಿದ್ದು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿತ್ತು. ಬಣ್ಣ ಹಾಕಿದರೆ ಕಬ್ಬಿಣ ಕೂತ ಜಾಗವೆಲ್ಲ ನೀಲಿಯಾಗುತ್ತದೆ. ಯಾರ ತಲೆಯೋ ಏನೋ, ನನ್ನ ಮುಂದೆ ನೀಲಿ ನೀಲಿಯಾಗಿ ಬಿದ್ದಿತ್ತು. ಅವತ್ತು ಊಟ ಸೇರಲಿಲ್ಲ.

ನನ್ನ ಸಂಶೋಧನೆ ಫೆರಿಟಿನ್ ಎಂಬ ಪ್ರೋಟೀನಿನ ಮೇಲೆ. ನಮ್ಮ ಕಡೆ ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೆ ಅದು ಮೈಯೊಳಗಿನ ಕಬ್ಬಿಣವನ್ನು ಒಳಗಿಟ್ಟು ಕಾಯುತ್ತದೆ. ಮೆದುಳಿನಲ್ಲಿ ಈ ಕಾವಲು ಕೆಟ್ಟರೆ ಕಬ್ಬಿಣ ಹೊರಬಿದ್ದು ನರಕೋಶಗಳನ್ನು ಹಾಳುಮಾಡುತ್ತದೆ. ಕೈ ನಡುಗುತ್ತದೆ, ನೆನಪು ಹೋಗುತ್ತದೆ. ನಾನು ಇಲ್ಲಿಗೆ ಬಂದ ಮರುವರ್ಷ ಕೊಂಡ್ಲಹಳ್ಳಿಯಲ್ಲಿರುವ ಅವ್ವನಿಗೂ ಇದೇ ಜಾತಿಯ ಕಾಯಿಲೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಯಿತು.

ಇಲ್ಲಿ ಭಾನುವಾರವೆಂದರೆ ‘ರೂಹೆತ್ಸೈಟ್’, ಸದ್ದು ಮಾಡಬಾರದ ಹೊತ್ತು. ತಿಳಿಯದೆ ಶೇಂಗಾ ಚಟ್ನಿ ಕುಟ್ಟಲು ಕೂತೆ. ಕೆಳಮನೆಯ ಅಜ್ಜಿ ಬಂದು ಬಾಗಿಲು ಬಡಿದಳು. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಓಡಾಡಿ ಬೆಳೆದವಳಿಗೆ ಇದೆಂಥ ಶಿಕ್ಷೆ! ಚಳಿಗಾಲವಿಡೀ ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತೆ. ಈಗ ಅದೇ ಅಜ್ಜಿಗೆ ಅವಳ ಭಾಷೆಯಲ್ಲೇ ಜವಾಬು ಕೊಡುತ್ತೇನೆ. ಅವಳು ಚಟ್ನಿ ಕೇಳಿ ಇಸಿದುಕೊಂಡು ಹೋಗುತ್ತಾಳೆ.

ನಾನು ಕಲಿಯಬೇಕಿದ್ದ ಭಾಷೆ ಬೇರೆ ಇತ್ತು. ಅವ್ವನ ತವರು ಗಡಿಯಾಚೆ, ಆಂಧ್ರದ ರಾಯದುರ್ಗದ ಕಡೆ. ಅಪ್ಪನ ಮನೆಯಲ್ಲಿ ಕನ್ನಡವೇ ನಡೆದದ್ದರಿಂದ ನನಗೆ ತೆಲುಗಿನ ಅಲ್ಲೊಂದು ಇಲ್ಲೊಂದು ಮಾತು ಬಂತು, ಅಷ್ಟೆ. ಕಾಯಿಲೆ ಬಲಿತಂತೆ ಅವ್ವ ಕನ್ನಡ ಬಿಟ್ಟು ತೆಲುಗಿಗೇ ಹೋಗಿಬಿಟ್ಟಳು. ಅಣ್ಣನ ಹೆಂಡತಿ ಸುಜಾತತ್ತಿಗೆಯೂ ಅದೇ ಸೀಮೆಯವರು. ಅತ್ತೆ ಸೊಸೆ ದಿನವಿಡೀ ಮಾತಾಡುತ್ತಾರೆ, ನಗುತ್ತಾರೆ. ಫೋನಿನಲ್ಲಿ ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಊರವರು ಸೊಸೆಯನ್ನು ಹೊಗಳಿದರೆ ಇನ್ನೂ ಉರಿಯುತ್ತದೆ. ಮೆದುಳು ಓದಿದವಳು ನಾನು, ಅವ್ವ ಸಿಕ್ಕಿದ್ದು ಅವರಿಗೆ!

ಹೋದ ತಿಂಗಳು ಅವ್ವ ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಅಳುತ್ತಾಳೆ ಎಂದು ಅತ್ತಿಗೆ ಫೋನ್ ಮಾಡಿದರು. ಬೆಚ್ಚುವವರ ದಿಂಬಿನಡಿ ನಮ್ಮಲ್ಲಿ ಕುಡುಗೋಲು ಇಡುತ್ತಾರೆ. ಅವ್ವನ ದಿಂಬಿನಡಿಯೂ ಒಂದಿತ್ತು, ವಿಚಾರಿಸಿದರೆ ಈಗ ಅದು ಅಲ್ಲಿರಲಿಲ್ಲ. ರೊಟ್ಟಿ ಹೆಂಚೂ ಅಟ್ಟ ಸೇರಿತ್ತು.

“ಯಾರು ತೆಗೆದಿದ್ದು?” ಎಂದು ರೇಗಿದೆ.

“ನೀನೇ ಅಲ್ವೇನಮ್ಮ, ತಲೆಯಾಗೆ ಕಬ್ಬಿಣ ಸೇರೈತೆ ಅಂದಿದ್ದು? ಅದ್ಕೇ ಕಬ್ಬಿಣಾನೇ ಹತ್ರ ಬಿಡ್ಲಿಲ್ಲ.”

“ಅಯ್ಯೋ ಅತ್ತಿಗೆ! ಅದು ಹೆಂಚಿಂದ, ಕುಡುಗೋಲಿಂದ ಬರೋದಲ್ಲ. ಮೊದ್ಲು ತಂದು ಇಡ್ರಿ.”

ಅತ್ತಿಗೆ ತಪ್ಪು ಮಾಡಿದರೆಂದು ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಕುಡುಗೋಲು ದಿಂಬಿನಡಿ ಸೇರಿದ ಮೇಲೆ ಅವ್ವ ಸಮಾಧಾನವಾದಳು. ಮರುದಿನ ವಿಡಿಯೊ ಕಾಲ್‌ನಲ್ಲಿ ನನ್ನ ಮುಖವನ್ನೇ ದಿಟ್ಟಿಸಿ ಅತ್ತಿಗೆಯನ್ನು ಕೇಳಿದಳು: “ಎವರಮ್ಮಾ ಈಮೆ?” ಯಾರಿವಳು ಎಂದು.

“ಮೀ ಕೂತುರೇ, ಅತ್ತಾ.” ನಿಮ್ಮ ಮಗಳೇ.

“ನಾ ಕೂತುರು ನುವ್ವೇ ಕದಾ” ಎಂದು ಅವ್ವ ಅತ್ತಿಗೆಯ ಕೆನ್ನೆ ಸವರಿದಳು. ನನ್ನ ಮಗಳು ನೀನೇ ತಾನೆ. ಅಷ್ಟು ತೆಲುಗು ನನಗೂ ಬರುತ್ತದೆ. ಅತ್ತಿಗೆಗೆ ಅದು ಗೊತ್ತಿಲ್ಲ.

“ಏನಂತೆ ಅವ್ವ?” ಎಂದೆ.

ಅತ್ತಿಗೆ ನನ್ನ ಕಣ್ಣು ತಪ್ಪಿಸಿದರು. “ನಿನ್ನೇ ಕೇಳ್ತೈತಮ್ಮ. ನನ್ ಮಗ್ಳು ಯಾವಾಗ ಬರ್ತಾಳೆ ಅಂತ.”

“ಬರ್ತಾಳೆ ಅಂತ ಹೇಳ್ರಿ.”

ಮಗಳು ಬರುತ್ತಾಳೆ ಎಂದು ಅತ್ತಿಗೆ ತೆಲುಗಿನಲ್ಲಿ ಹೇಳಿದರು. ಅವ್ವ ಅವರ ಸೆರಗು ಬಿಡದೆ, ಬಾಗಿಲ ಕಡೆ ತಿರುಗಿ ನೋಡಿದಳು.