ಹಾರ ಹಾಕಿಕೊಂಡ ಎರಡು ಜರ್ಮನ್ ಕಾರುಗಳು

ಬ್ರಹ್ಮಾವರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಒಂದು ಕಾಲಕ್ಕೆ ಎರಡು ಎಮ್ಮೆಗಳಿದ್ದವು. ಆಮೇಲೆ ಅಲ್ಲಿಗೆ ಬಂದದ್ದು ಎರಡು ಜರ್ಮನ್ ಕಾರುಗಳು. ಎರಡೂ ಒಂದೇ ಕಂಪನಿಯವು, ನಾಲ್ಕು ಬಾಗಿಲಿನವು, ಓಡುವುದಕ್ಕೆಂದೇ ಹುಟ್ಟಿದವು. ನಡುವೆ ಮೂವತ್ತು ವರ್ಷಗಳ ಅಂತರ. ಹಳೆಯದನ್ನು ನಾನು ಮುಂಬೈಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾಗ ಕೊಂಡದ್ದು. ಹೊಸದನ್ನು ಊರಿಗೆ ಮರಳಿದ ಮೇಲೆ ತಲೆ ಕೆಟ್ಟು ಕೊಂಡದ್ದು.

ಹೋದ ಮಳೆಗಾಲದಲ್ಲಿ ಕೊಟ್ಟಿಗೆಯ ಹಂಚಿನ ಮಾಡು ಅರ್ಧ ಕುಸಿಯಿತು. ಉಳಿದ ಜಾಗ ಒಂದು ಕಾರಿಗೆ ಮಾತ್ರ. ಹೊರಗೆ ನಿಲ್ಲಿಸಿದರೆ ಉಪ್ಪುಗಾಳಿಗೆ ತುಕ್ಕು ಗ್ಯಾರಂಟಿ. ಒಂದನ್ನು ಕೊಡಲೇಬೇಕಾಯಿತು. ಬೈಂದೂರಿನಲ್ಲಿ ಇಂಥ ಕಾರುಗಳ ಹುಚ್ಚಿನವರೊಬ್ಬರಿದ್ದಾರೆ. "ದಶಮಿಗೆ ಎರಡೂ ತಕಂಡ್ ಬನ್ನಿ, ಕಾಂಬ. ಯಾವ್ದ್ ಕೊಟ್ರೂ ಅಡ್ಡಿಲ್ಲೆ" ಎಂದರು.

ಬುದ್ಧಿಯಿಂದ ಯೋಚಿಸಿದರೆ ಹೊಸದೇ ಮೇಲು. ಆರು ಸಿಲಿಂಡರು ಎರಡಕ್ಕೂ ಇವೆ. ಆದರೆ ಹೊಸದಕ್ಕೆ ಟರ್ಬೊ ಉಂಟು, ಎಂಟು ಗೇರುಗಳನ್ನು ತಾನೇ ಬದಲಿಸಿಕೊಳ್ಳುತ್ತದೆ, ನೂರು ದಾಟಿದ್ದು ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಹಳೆಯದರಲ್ಲಿ ಎಂಬತ್ತಕ್ಕೇ ಇಡೀ ಮೈಗೆ ಗೊತ್ತಾಗುತ್ತದೆ. ಸ್ಟೀರಿಂಗ್ ತಿರುಗಿಸಲು ತೋಳಿನಲ್ಲಿ ಬಲ ಬೇಕು, ಏಸಿ ಹೆಸರಿಗೆ ಮಾತ್ರ. ಆದರೆ ಕೆಟ್ಟರೆ ನಾನೇ ಸ್ಪ್ಯಾನರ್ ಹಿಡಿದು ಸರಿಮಾಡಬಲ್ಲೆ. ಹೊಸದು ಸಣ್ಣಗೆ ಕೆಮ್ಮಿದರೂ ಮಂಗಳೂರಿನಿಂದ ಲ್ಯಾಪ್‌ಟಾಪ್ ಬರಬೇಕು.

ಹೆಂಡತಿಗೆ ಬೆನ್ನುನೋವು. ಅವಳಿಗಾಗಿ ಹೊಸದನ್ನೇ ಇಟ್ಟುಕೊಂಡು ಹಳೆಯದನ್ನು ಕೊಡುವುದೆಂದು ತೀರ್ಮಾನಿಸಿದೆ. ಹಳೆಯದರ ಕೀಲಿಯನ್ನು ಒರೆಸುತ್ತಲೇ ಅದನ್ನು ಅವಳಿಗೆ ಹೇಳಿದೆ.

"ನಿಮ್ಗ್ ಸರಿ ಕಂಡ್ರೆ ಕೊಡಿ" ಎಂದಳು, ಅಷ್ಟೇ. ನನಗೆ ಸಿಟ್ಟೇ ಬಂತು. ಬಾಯಿಮಾತಿಗಾದರೂ ಒಮ್ಮೆ ಬೇಡ ಎನ್ನಬಾರದೇ?

ಆಯುಧಪೂಜೆಗೆ ಎರಡನ್ನೂ ತೊಳೆದೆ. ಅವಳು ಸೇವಂತಿಗೆ ಹಾರ ಕಟ್ಟಿ ಎರಡಕ್ಕೂ ಹಾಕಿದಳು. ನಮ್ಮ ಮನೆಯ ಪದ್ಧತಿಯಂತೆ, ಮಾರನೆಯ ದಿನ ಸಂಜೆ ದೀಪ ಹಚ್ಚುವ ತನಕ ಆ ಹೂ ತೆಗೆಯುವಂತಿಲ್ಲ. ಹಾಗಾಗಿ ದಶಮಿಯ ಬೆಳಿಗ್ಗೆ ಹಾರದ ಸಮೇತವೇ ಹೊರಟೆವು. ಹಳೆಯದರಲ್ಲಿ ನಾನು, ಹಿಂದೆ ಹೊಸದರಲ್ಲಿ ಅವಳು.

ಸಾಸ್ತಾನದ ಟೋಲ್ ದಾಟಿದ್ದೇ ಹಿಂದಿನಿಂದ ಹಾರ್ನ್. ನೋಡಿದರೆ ಅವಳು ಕಾರನ್ನು ಬದಿಗೆ ನಿಲ್ಲಿಸಿಬಿಟ್ಟಿದ್ದಾಳೆ. ಹತ್ತಿರ ಹೋದರೆ ಒಳಗೆ ಒಂದೇ ಸಮನೆ ಕೀಂ ಕೀಂ. ಹಾರ ಗಾಳಿಗೆ ಜಾರಿ ಮುಂದಿನ ಸೆನ್ಸರುಗಳ ಮೇಲೆ ಕೂತಿತ್ತು. ಎದುರಿಗೆ ಗೋಡೆಯೇ ಇದೆ ಎಂದು ಕಾರು ಬೊಬ್ಬೆ ಹೊಡೆಯುತ್ತಿತ್ತು. ಹಳೆಯದರ ಹಾರವೂ ಮೂತಿಯ ಮೇಲೆಯೇ ಇತ್ತು, ಆದರೆ ಅದಕ್ಕೆ ಸೆನ್ಸರೆಂಬುದೇ ಇಲ್ಲ.

ಹಾರ ಸರಿಸಲು ಕೈ ಚಾಚಿದೆ.

"ಹ್ವಾಯ್, ದೀಪ ಹಚ್ಚುಕ್ ಮುಂಚೆ ಹೂ ಮುಟ್ಟುಕಾಗ! ಇದ್ರ್ ಕೂಗ್ ಕೇಂಡ್ಕಂಡ್ ಬೈಂದೂರ್ ತನ್ಕ ನನ್ ಕೈಲ್ ಆತಿಲ್ಲೆ."

ಹೊಸದಕ್ಕೆ ಬೀಗ ಹಾಕಿ, ನೇರ ಹೋಗಿ ಹಳೆಯದರ ಸ್ಟೀರಿಂಗ್ ಎದುರು ಕೂತಳು. ನಾನು ತೆಪ್ಪಗೆ ಪಕ್ಕದ ಸೀಟಿಗೆ ಹೋದೆ.

ಅವಳು ಡ್ರೈವಿಂಗ್ ಕಲಿತದ್ದೇ ಈ ಕಾರಿನಲ್ಲಿ, ಮುಂಬೈಯ ಮುಂಜಾವುಗಳಲ್ಲಿ. ಕುಂದಾಪುರದ ಸೇತುವೆಯ ಮೇಲೆ ಐದನೇ ಗೇರು ಹಾಕಿದಳು. ಕಿಟಕಿ ಇಳಿಸಿ, ಸೆರಗನ್ನು ತೊಡೆಯಡಿ ಸಿಕ್ಕಿಸಿಕೊಂಡು, ಬೈಂದೂರಿಗೆ ಮುಂಚಿನ ಏರಿನಲ್ಲಿ ಗೇರು ಇಳಿಸಿ ಇಂಜಿನ್ನನ್ನು ಮೊರೆಯಿಸಿದಾಗ ಜೋರಾಗಿ ನಕ್ಕಳು. ಬೆನ್ನುನೋವಿನ ಸುದ್ದಿಯೇ ಇಲ್ಲ. ಆ ನಗು ಕೇಳದೆ ಎಷ್ಟು ಕಾಲವಾಗಿತ್ತೋ. ಈ ಕಾರನ್ನು ಕೊಡುವುದು ನನ್ನಿಂದಾಗದ ಮಾತು ಎಂದು ಅಲ್ಲೇ ಅನ್ನಿಸಿತು.

ಬೈಂದೂರಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು ಹೊಸ ಕಾರಿನ ಕೀಲಿಯನ್ನು ಅವರ ಕೈಗಿಟ್ಟಳು. "ಅದ್ ಸಾಸ್ತಾನ್ದಗ್ ನಿಂತಿತ್ತ್, ಹೋಪತಿಗ್ ಮನೆಗ್ ತಕಂಡ್ ಹೋತೆ. ಸಂಜಿಗ್ ನಮ್ಮನೆಗ್ ಬನ್ನಿ, ಹೂ ತೆಗ್ದ್ ಕೊಡ್ತೆ."

ಮರಳುವಾಗಲೂ ಅವಳೇ ಓಡಿಸಿದಳು. ಕುಂದಾಪುರ ದಾಟಿದ ಮೇಲೆ ನನಗೆ ಹೊಳೆಯಿತು: ಆ ಕೀಂ ಕೀಂ ನಿಲ್ಲಿಸಲು ಗೇರಿನ ಪಕ್ಕದಲ್ಲೇ ಒಂದು ಬಟನ್ ಇದೆ. ಎರಡು ವರ್ಷದ ಹಿಂದೆ ಅದನ್ನು ನನಗೆ ತೋರಿಸಿಕೊಟ್ಟವಳು ಅವಳೇ.