ಓಲಾಡುವ ಡ್ರಿಲ್ಲು, ಗೊಂಬೆಯ ಮೆಟ್ಟಿಲು

ಇದನ್ನು ಬರೆಯಬೇಕು ಎಂದು ಕೂರುವುದು, ಕನ್ನಡಕ ಒರೆಸುವುದು, ಆಮೇಲೆ ಬೇರೇನೋ ಕೆಲಸ ನೆನಪಾಗಿ ಎದ್ದುಹೋಗುವುದು. ಹೀಗೇ ಎಷ್ಟೋ ದಸರೆಗಳು ಕಳೆದುಹೋದವು. ಈ ಬೆಳಿಗ್ಗೆ ಬರೆಯಲು ಕೂತವನಿಗೆ ಏಳಲಾಗಲಿಲ್ಲ. ಕೆಳಗಿನ ಮನೆಯಿಂದ ಮೋಟರು ಸುಟ್ಟ ವಾಸನೆ ಬಂತು. ಆ ವಾಸನೆ ನಿಮಗೂ ಗೊತ್ತಿರಬಹುದು, ರಬ್ಬರಿನ ಜೊತೆ ಬೆಲ್ಲ ಸೀದ ಹಾಗೆ.

ಅದರ ಹಿಂದೆಯೇ ಬಾಡಿಗೆಗಿರುವ ಗಿರೀಶ ಬಂದ. ಕೈಯಲ್ಲಿ ಮೊಬೈಲಿನಲ್ಲಿ ನೋಡಿ ಅಗ್ಗಕ್ಕೆ ತರಿಸಿದ ಡ್ರಿಲ್ಲು.

"ಇನ್ನೂ ಎರಡು ತೂತು ಹಾಕಿಲ್ಲ ಸಾರ್, ಹೊಗೆ ಬಿಟ್ಬಿಡ್ತು. ಇಂಥ ಕಮ್ಮಿ ರೇಟಿನ ಮಷೀನು ಮನೆಗೆ ತಗೋಬಾರ್ದಾ? ನೀವು ಇದ್ರಲ್ಲೆಲ್ಲ ಪಳಗಿದೋರು, ಹೇಳಿ."

ಪಳಗಿದವನಂತೆ! ಎಸ್ಸೆಸ್ಸೆಲ್ಸಿ ಮುಗಿಸಿ ಅಕ್ಕಿಪೇಟೆಯ ಗೋಡೌನಿನಲ್ಲಿ ಗುಮಾಸ್ತನಾಗಿದ್ದವನು ನಾನು. ಭಾನುವಾರ ಬಂದರೆ ಈ ಚಾಮರಾಜಪೇಟೆಯ ಮನೆಯ ಮಹಡಿಯ ಮೇಲೆ, ತಗಡಿನ ನೆರಳಲ್ಲಿ ಹಲಗೆ ಕೊಯ್ದುಕೊಂಡು ಕೂರುತ್ತಿದ್ದೆ. ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ಹೆಸರೇ ಕೇಳದ ಕಂಪನಿಯ ಡ್ರಿಲ್ಲು ತಂದ ದಿನ ನನ್ನ ಹೆಂಡತಿ ಕೇಳಿದ್ದಳು: "ಅಷ್ಟು ಕಮ್ಮಿಗೆ ಕೊಟ್ನಾ? ಒಳಗೆ ಮೋಟರ್ ಇದ್ಯಾ, ನೋಡ್ಕೊಂಡ್ರಾ?"

ಮೋಟರು ಇತ್ತು. ಆದರೆ ಕೊರೆಯುವ ಕಡ್ಡಿಯನ್ನು ಹಿಡಿಯುವ ಬಾಯಿ ಓಲಾಡುತ್ತಿತ್ತು. ತೂತು ದುಂಡಗೆ ಬೀಳದೆ ಹುಣಸೆಬೀಜದ ಹಾಗೆ ಸೊಟ್ಟಗೆ ಬೀಳುತ್ತಿತ್ತು. ಕ್ಯಾಲೆಂಡರ್ ನೇತುಹಾಕುವ ಮೊಳೆಗೆ ಅಷ್ಟು ಸಾಕು. ಒಂದಿಷ್ಟು ಬೆಂಕಿಕಡ್ಡಿ ತುರುಕಿದರೆ ಮೊಳೆ ಗಟ್ಟಿಯಾಗಿ ನಿಲ್ಲುತ್ತದೆ. ನಾನು ಅಲ್ಲಿಗೇ ನಿಲ್ಲಲಿಲ್ಲ.

ಎದುರುಮನೆಯವರು ಮೇಷ್ಟ್ರಾಗಿದ್ದ ಗಂಡನನ್ನು ಕಳೆದುಕೊಂಡು, ಮಗಳೊಂದಿಗೆ ಇದ್ದರು. ನವರಾತ್ರಿ ಬಂತೆಂದರೆ ಟ್ರಂಕು, ಅಕ್ಕಿ ಡಬ್ಬ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸುತ್ತಿದ್ದರು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ. ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು. ಆ ವರ್ಷ ಮಗಳ ಮದುವೆ ಗೊತ್ತಾಗಿತ್ತು. ಈ ಹಬ್ಬವಾದ ಮೇಲೆ ಗೊಂಬೆಗಳು ಮಗಳ ಜೊತೆ ಹೋಗಬೇಕು. ಕೊನೆಯ ಸಲ ಚೆನ್ನಾಗಿ ಕೂರಿಸಬೇಕು, ಆಚಾರಿಗೆ ಹೇಳಿ ಮೆಟ್ಟಿಲು ಮಾಡಿಸುತ್ತೇನೆ ಎಂದರು.

"ಆಚಾರಿ ಯಾಕಮ್ಮಾ, ನಾನಿಲ್ವಾ?" ಎಂದೆ.

ಬಿನ್ನಿಪೇಟೆಯಿಂದ ಹಲಗೆ ತಂದು ಮಡಚುವ ಮೆಟ್ಟಿಲು ಮಾಡಿದೆ. ಬಣ್ಣ ಚೆನ್ನಾಗಿ ಬಂತು. ಬೋಲ್ಟುಗಳು ಮಾತ್ರ ಸೊಟ್ಟ ತೂತಿನೊಳಗೆ ಸಡಿಲವಾಗಿ ಕೂತವು. ದೊಡ್ಡ ವಾಷರ್ ಹಾಕಿ ಮುಚ್ಚಿದೆ.

ಆಯುಧಪೂಜೆಯ ಬೆಳಿಗ್ಗೆ ಅವರು ಬಾಗಿಲಿಗೆ ಬಂದರು. "ರಾಯರೇ, ಮೆಟ್ಲು ಒಂಚೂರು ಆಡ್ತಿದೆ. ಬಂದು ನೋಡ್ತೀರಾ?"

ಹೋಗಿ ಕೈಯಿಟ್ಟು ನೋಡಿದೆ. ಒಂಚೂರಲ್ಲ, ಚೆನ್ನಾಗಿಯೇ ಆಡುತ್ತಿತ್ತು.

"ಇವತ್ತು ಸ್ಪ್ಯಾನರು, ಮಷೀನು ಎಲ್ಲ ಪೂಜೆಗೆ ಇಟ್ಬಿಟ್ಟಿದೀನಮ್ಮಾ, ಮುಟ್ಟೋ ಹಾಗಿಲ್ಲ. ನಾಳೆ ಬಿಗಿ ಮಾಡ್ಕೊಡ್ತೀನಿ."

ಶಾಸ್ತ್ರ ನಿಜವೇ. ಕುಂಕುಮ ಇಟ್ಟು, ಹೂವು ಮುಡಿಸಿದ ಆಯುಧವನ್ನು ಆ ದಿನ ಎತ್ತುವುದಿಲ್ಲ. ಆದರೆ ನನ್ನನ್ನು ತಡೆದದ್ದು ಶಾಸ್ತ್ರವಲ್ಲ. ಬೋಲ್ಟು ಬಿಚ್ಚಿದರೆ ತೂತುಗಳು ಅವರ ಕಣ್ಣಿಗೆ ಬೀಳುತ್ತಿದ್ದವು. ಗೊಂಬೆಗಳನ್ನು ಕೆಳಗಿಳಿಸಿ ಎಂದು ಹೇಳುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುತ್ತಿರಲಿಲ್ಲ. ಅದನ್ನೂ ಹೇಳಲಿಲ್ಲ.

ಸಂಜೆ ಮಗಳು ಕರೆದ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಆರತಿ ಹಾಡುತ್ತಿದ್ದಾಗಲೇ ಮೆಟ್ಟಿಲು ಕುಸಿಯಿತು. ಸದ್ದು ಕೇಳಿ ಓಡಿದೆ. ಮಣ್ಣಿನ ಗೊಂಬೆಗಳೆಲ್ಲ ಚೂರಾಗಿದ್ದವು, ನಡುವೆ ಹಿತ್ತಾಳೆಯ ಆನೆಯೊಂದು ಉರುಳಿತ್ತು. ರಾಣಿ ದೀಪದ ಕಂಬದ ಮೇಲೆ ಬಿದ್ದು ಕುತ್ತಿಗೆಯಿಂದ ಎದೆಯವರೆಗೆ ಸೀಳಿಹೋಗಿದ್ದಳು. ಎಲ್ಲರೂ ನನ್ನ ಮುಖ ನೋಡಿದರು.

"ಅಷ್ಟು ಭಾರದ ಹಿತ್ತಾಳೆ ಆನೆ ಮೇಲಿಟ್ರೆ ಯಾವ ಮೆಟ್ಲು ತಡಿಯತ್ತೆ?" ಎಂದುಬಿಟ್ಟೆ.

ಅವರು ಆನೆಯನ್ನು ನೋಡಿದರು, ರಾಣಿಯನ್ನು ಎತ್ತಿಕೊಂಡರು. "ಹೌದು. ನಂದೇ ತಪ್ಪು," ಎಂದರು.

ಹೀಗೆ ಒಡೆದು ಭಿನ್ನವಾದ ಗೊಂಬೆಯನ್ನು ಮದುವೆಯಲ್ಲಿ ಕೊಡುವಂತಿಲ್ಲ. ಮಗಳು ಬರಿಗೈಯಲ್ಲಿ ಗಂಡನ ಮನೆಗೆ ಹೋದಳು. ಅವರು ಮತ್ತೆ ಗೊಂಬೆ ಕೂರಿಸಲಿಲ್ಲ. ಹಿತ್ತಾಳೆ ಆನೆಯನ್ನು ಯಾರಿಗೋ ಕೊಟ್ಟುಬಿಟ್ಟರೆಂದು ನನ್ನ ಹೆಂಡತಿ ಹೇಳಿದಳು. ಬೀದಿಯಲ್ಲಿ ಸಿಕ್ಕಾಗಲೆಲ್ಲ "ಕಾಫಿ ಆಯ್ತಾ ರಾಯರೇ?" ಎಂದೇ ಕೇಳುತ್ತಿದ್ದರು. ಆಯ್ತಮ್ಮಾ ಎನ್ನುತ್ತಿದ್ದೆ. ನಿಜ ಹೇಳುವುದಕ್ಕೆ ಅಷ್ಟು ವರ್ಷಗಳ ಅವಕಾಶ ಇತ್ತು. ಅವರು ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಹೋಗಿ, ಹಯಗ್ರೀವವನ್ನು ಎರಡನೆಯ ಸಲವೂ ಬಡಿಸಿಕೊಂಡು ಉಂಡು ಬಂದೆ.

ಗಿರೀಶನಿಗೆ ಇಷ್ಟನ್ನೂ ಹೇಳಿದೆ. ಗೋಡೆಗೆ ನಾಲ್ಕು ತೂತು ಹಾಕಲು ಅಗ್ಗದ್ದು ಸಾಕು, ತಗೋ. ಬೇರೆಯವರು ನಂಬಿ ಏನಾದರೂ ಇಡುವಂಥದ್ದನ್ನು ಅದರಲ್ಲಿ ಮಾಡಬೇಡ. ಮಾಡಿದರೂ, ಅದು ಆಡುತ್ತಿದೆ ಎಂದು ಅವರು ಬಂದು ಹೇಳಿದಾಗ ಅಲ್ಲೇ ಬಿಚ್ಚಿ ತೋರಿಸು.

ಅವನು ಡ್ರಿಲ್ಲನ್ನು ನೆಲಕ್ಕಿಟ್ಟ. ಆಮೇಲೆ, "ಎದುರುಮನೆಯವರು, ಎದುರುಮನೆಯವರು ಅಂತಿದೀರಲ್ಲ ಸಾರ್, ಅವರ ಹೆಸರೇನು?" ಎಂದ.

ಮನೆಯಲ್ಲಿ ಹೆಂಡತಿಯ ಹತ್ತಿರವೂ ನಾನು ಆ ಹೆಸರು ಎತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

"ಸೀತಾಲಕ್ಷ್ಮಮ್ಮ," ಎಂದೆ.