ಅಶ್ಲೀಲದ ಅಂಕಣದಲ್ಲಿ ಹೊಗೆಸೊಪ್ಪಿನ ಸಸಿ

ಹುಣಸೂರಿನ ಸರ್ಕಾರಿ ಮಾಹಿತಿ ಕೇಂದ್ರದ ದಾಖಲೆ ಪುಸ್ತಕದಲ್ಲಿ, ‘ಅಶ್ಲೀಲ ಇತ್ಯಾದಿ ಪುಟ ತೆರೆಯಲು ಯತ್ನಿಸಿದವರು’ ಎಂಬ ಅಂಕಣದ ಕೆಳಗೆ, ಕೆಂಪು ಶಾಯಿಯಲ್ಲಿ ನನ್ನ ಹೆಸರಿದೆ. ನಾನು ತೆರೆಯಲು ಯತ್ನಿಸಿದ್ದು ಹೊಗೆಸೊಪ್ಪಿನ ಸಸಿಗೆ ತಗಲುವ ಕೊಳೆರೋಗದ ಪುಟವನ್ನು. ಆ ಹೆಸರನ್ನು ಇಂದಿಗೂ ಹೊಡೆದುಹಾಕಿಲ್ಲ. ಕ್ಷಮೆಯನ್ನಂತೂ ಯಾರೂ ಕೇಳಿಲ್ಲ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನಾನು ಹನಗೋಡಿನ ಬಳಿಯ ನಮ್ಮ ಜಮೀನನ್ನು ಸ್ವತಃ ನೋಡಿಕೊಳ್ಳತೊಡಗಿದೆ. ನನ್ನ ಹೆಸರಿನಲ್ಲಿಯೇ ಒಂದು ಬ್ಯಾರನ್ನಿನ ಪರವಾನಗಿ ಇತ್ತು. ಸೊಪ್ಪನ್ನು ಬೇಯಿಸಿ ಒಣಗಿಸುವ ಆ ಎತ್ತರದ ಗೂಡು ಇಲ್ಲದ ಊರು ನಮ್ಮ ಸೀಮೆಯಲ್ಲಿ ಅಪರೂಪ. ಹೊಗೆಸೊಪ್ಪು ಬೆಳೆಯಲು ಪರವಾನಗಿ ಕೊಡುವುದು ಸರ್ಕಾರ; ಹರಾಜು ಕಟ್ಟೆಯಲ್ಲಿ ಅದಕ್ಕೆ ದರ್ಜೆ ಕಟ್ಟಿಸುವುದು ಸರ್ಕಾರ; ಅದರಿಂದ ಬರುವ ತೆರಿಗೆಯನ್ನು ಕಣ್ಣಿಗೊತ್ತಿಕೊಳ್ಳುವುದೂ ಸರ್ಕಾರವೇ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನ್ಯಾಯಕ್ಕೆ ಕಟ್ಟುಬಿದ್ದು ಇನ್ನೊಂದು ಸಂಗತಿಯನ್ನೂ ಬರೆಯಬೇಕು. ಆ ಮಾಹಿತಿ ಕೇಂದ್ರ ಬರುವುದಕ್ಕೆ ಎರಡು ವರ್ಷ ಮೊದಲು, ಬಸ್ ನಿಲ್ದಾಣದ ಹಿಂದಿನ ಸೈಬರ್ ಕೆಫೆಯಲ್ಲಿ ಕಾಲೇಜು ಹುಡುಗರು ಪರದೆ ಎಳೆದುಕೊಂಡು ಏನೇನೋ ನೋಡುತ್ತಾರೆಂದು ಊರಿನಲ್ಲಿ ಗುಲ್ಲೆದ್ದಿತ್ತು. ಅಂತರ್ಜಾಲಕ್ಕೆ ಸರ್ಕಾರವೇ ಜರಡಿ ಹಿಡಿಯಬೇಕೆಂಬ ಅರ್ಜಿಯನ್ನು ಬರೆದವಳು ನಾನು. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದವಳೂ ನಾನೇ. ಅಂದು ಎದ್ದುನಿಂತು ಆಕ್ಷೇಪಿಸಿದವರು ಒಬ್ಬರೇ, ಒಬ್ಬ ನಿವೃತ್ತ ಅಂಚೆಯಣ್ಣ.

“ಮೂವತ್ತು ವರ್ಸ ಕಾಗ್ದ ಹಂಚಿವ್ನಿ ಕಣ್ರವ್ವ. ಒಂದ್ನೂ ಒಡ್ದು ನೋಡ್ನಿಲ್ಲ. ಜರಡಿ ಇಡೀರಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಜರಡಿ ಯಾರ ಕೈಲದೆ ಅಂತ ಮೊದ್ಲು ಕೇಳ್ರಿ,” ಎಂದರು.

“ಕಾಗದ ಹಂಚುವುದಕ್ಕೂ ಮಕ್ಕಳನ್ನು ತಿದ್ದುವುದಕ್ಕೂ ವ್ಯತ್ಯಾಸವಿದೆ,” ಎಂದು ನಾನು ಉತ್ತರಿಸಿದೆ. ಸಭೆ ಚಪ್ಪಾಳೆ ತಟ್ಟಿತು. ಅದು ಒಳ್ಳೆಯ ಉತ್ತರವೆಂದು ಬಹಳ ದಿನ ನಂಬಿದ್ದೆ.

ಮಾಹಿತಿ ಕೇಂದ್ರ ತೆರೆದ ದಿನ, ಪ್ರಪಂಚದ ಜ್ಞಾನವೆಲ್ಲ ಇನ್ನು ರೈತನ ಅಂಗೈಯಲ್ಲಿ ಎಂದು ಭಾಷಣವಾಯಿತು. ಜರಡಿಯೂ ಜೊತೆಗೇ ಬಂದಿತ್ತು. ಬೇಡದ್ದನ್ನು ತಡೆಯುವ ಪಟ್ಟಿಯನ್ನು ಮೇಲಿನವರು ಎಲ್ಲಿಯೋ ಸಿದ್ಧಪಡಿಸಿ ಯಂತ್ರದೊಳಗೆ ಕೂರಿಸಿದ್ದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ಸಂತೋಷಪಟ್ಟೆ.

ಮರುವರ್ಷದ ಬೇಸಿಗೆಯಲ್ಲಿ ನನ್ನ ಸಸಿಮಡಿಗಳಿಗೆ ರೋಗ ಬಂತು. ಬೆಳಿಗ್ಗೆ ನೆಟ್ಟಗಿದ್ದ ಎಳೆಸಸಿ ಸಂಜೆಗೆ ಬುಡದಲ್ಲಿ ಕಪ್ಪಾಗಿ ಮಲಗುತ್ತಿತ್ತು. ಮೈಲುತುತ್ತದ ದ್ರಾವಣವನ್ನು ಎರಡು ಸಲ ಹೊಡೆಸಿದರೂ ಇಳಿಯಲಿಲ್ಲ. ಸಲಹೆ ಕೊಡುತ್ತಿದ್ದ ಅಧಿಕಾರಿ ತರಬೇತಿಗೆಂದು ಹೊರರಾಜ್ಯಕ್ಕೆ ಹೋಗಿದ್ದರು. ಮೊದಲ ಮಳೆ ಬಿದ್ದ ಕೂಡಲೇ ಸಸಿ ಕಿತ್ತು ನೆಡಬೇಕು. ಮಡಿ ಸತ್ತರೆ ಆ ವರ್ಷದ ಬೆಳೆಯೇ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದೂವರೆಗೆ ನಾನು ಮಾಹಿತಿ ಕೇಂದ್ರದಲ್ಲಿದ್ದೆ.

ಅಲ್ಲಿದ್ದವರು ತಾಲ್ಲೂಕು ಕಚೇರಿಯಿಂದ ಎರವಲು ಬಂದ ಗುಮಾಸ್ತರು, ಐವತ್ತು ದಾಟಿದವರು, ಒಂದೇ ಬೆರಳಿನಲ್ಲಿ ಕೀಲಿ ಒತ್ತುವವರು. ನಾನು ಹೇಳಿದ್ದನ್ನು ಅವರು ಒತ್ತಿದರು. ಪರದೆಯ ತುಂಬ ಕೆಂಪು ಪಟ್ಟಿ ಬಂತು: ಈ ಪುಟವನ್ನು ನಿರ್ಬಂಧಿಸಲಾಗಿದೆ, ಕಾರಣ ಮಾದಕ ವಸ್ತು. ಇನ್ನೊಂದು ಪುಟ, ಮತ್ತೊಂದು ಪುಟ. ಎಲ್ಲಕ್ಕೂ ಅದೇ ಪಟ್ಟಿ.

“ಸಾಕು ಬುಡಿ ಟೀಚರಮ್ಮ, ಮೂರು ಸಲ ಆಯ್ತು. ಇನ್ನು ನಾನು ಬರ್ಕಳ್ಳೇಬೇಕು,” ಎಂದು ದಾಖಲೆ ಪುಸ್ತಕವನ್ನು ಎಳೆದುಕೊಂಡರು.

“ಏನೆಂದು ಬರೆಯುತ್ತೀರಿ?”

“ಇರಾದೊಂದೇ ಕಾಲಮ್ಮು. ಅಶ್ಲೀಲ ಇತ್ಯಾದಿ.”

“ಸಸಿ ಕೊಳೆಯುವುದು ಅಶ್ಲೀಲವೇನ್ರೀ?”

“ನಂಗೊತ್ತಿಲ್ವಾ? ನಮ್ಮನೇಲೂ ಎರಡು ಬ್ಯಾರನ್ ಅವೆ ಕಣಮ್ಮ. ಮಿಷಿನ್ನಿಗೆ ಗೊತ್ತಾಗ್ಬೇಕಲ್ಲ!”

ಕಡೆಗೆ ‘ಇತ್ಯಾದಿ’ ಎಂಬ ಪದದ ಕೆಳಗೆ ಒಂದು ಗೆರೆಯನ್ನಾದರೂ ಎಳೆಯಿರಿ ಎಂದೆ. ಮುದ್ರಿತ ನಮೂನೆಯನ್ನು ತಿದ್ದಲು ಅಧಿಕಾರವಿಲ್ಲವೆಂದರು. ಪುಟ ತೆರೆಸಬೇಕಾದರೆ ಮೈಸೂರಿಗೆ ಲಿಖಿತ ಮನವಿ ಹೋಗಬೇಕು, ವಾರದಲ್ಲಿ ಉತ್ತರ ಬರುತ್ತದೆ ಎಂದರು. ಅಲ್ಲಿಯೇ ಕುಳಿತು ಬರೆದುಕೊಟ್ಟೆ. ಪ್ರತಿಗೆ ಮೊಹರು ಹಾಕಿಸಿಕೊಂಡೆ.

ಉತ್ತರ ಒಂಬತ್ತು ದಿನವಾದರೂ ಬರಲಿಲ್ಲ. ಸುದ್ದಿ ಮಾತ್ರ ಒಂದೇ ದಿನದಲ್ಲಿ ಹನಗೋಡಿಗೆ ಬಂದಿತ್ತು. ಹಾಲಿನ ಡೈರಿಯ ಮುಂದೆ ಅಂಚೆಯಣ್ಣನವರು ಸಿಕ್ಕಿ, “ಏನವ್ವ, ಜರಡಿ ಒಳಗೆ ನೀವೇ ಉಳ್ಕಂಡ್ರಂತಲ್ಲ?” ಎಂದರು. ಸಾಲಿನಲ್ಲಿದ್ದ ಹೆಂಗಸರು ಸೆರಗಿನಲ್ಲಿ ನಕ್ಕರು. ಅವರಲ್ಲಿ ಇಬ್ಬರು ನನ್ನ ಅರ್ಜಿಗೆ ಸಹಿ ಹಾಕಿದ್ದವರು. ಯಾರೆಂದು ನನಗೆ ನೆನಪಿದೆ.

ಆದರೂ ಸೈಬರ್ ಕೆಫೆಗೆ ಕಾಲಿಡಲಾರೆನೆಂದು ಇನ್ನೂ ಮೂರು ದಿನ ತಡೆದೆ. ಅಷ್ಟರಲ್ಲಿ ಮಡಿಗಳ ಮೇಲೆ ಹೊದಿಸಿದ್ದ ಹುಲ್ಲನ್ನು ಎತ್ತಿದರೆ ಕೊಳೆತ ವಾಸನೆ ಬರತೊಡಗಿತ್ತು. ಮನವಿ ಕೊಟ್ಟ ಹದಿಮೂರನೆಯ ದಿನ ಹೋದೆ. ಅಂಗಡಿಯ ಸಾಹೇಬರು ಮೊದಲು ಟೈಪಿಂಗ್ ಕಲಿಸುತ್ತಿದ್ದವರು. ಎದ್ದುನಿಂತು ಕುರ್ಚಿ ಒರೆಸಿದರು.

“ಬನ್ನಿ ಟೀಚರಮ್ಮ, ಕೂತ್ಕೊಳಿ. ನಿಮ್ಮರ್ಜೀಲಿ ನಮ್ಮಂಗ್ಡಿ ಹೆಸ್ರೇ ಮೊದ್ಲಿತ್ತಲ್ಲ, ಗುರ್ತು ಹೇಳೋ ತೊಂದ್ರೆ ಇಲ್ಲ.” ಆಮೇಲೆ ಬಹಳ ವಿನಯದಿಂದ ಕೇಳಿದರು: “ಪರ್ದೆ ಎಳೀಲಾ, ಇಂಗೇ ಇರ್ಲಾ?”

ಇರಲಿ ಎಂದೆ. ಪುಟ ತೆರೆಯಿತು. ನನ್ನ ಮಡಿಯಲ್ಲಿ ಕಂಡ ಅದೇ ಕಪ್ಪು ಬುಡದ ಚಿತ್ರ, ಅದರ ಕೆಳಗೆ ನಾಲ್ಕು ಸಾಲು: ಹೊದಿಕೆ ತೆಗೆಯಿರಿ, ನೀರನ್ನು ಅರ್ಧಕ್ಕೆ ಇಳಿಸಿರಿ, ಸಸಿಗಳನ್ನು ತೆಳು ಮಾಡಿರಿ, ಜೊತೆಗೆ ಔಷಧಿಯೊಂದರ ಹೆಸರು. ಔಷಧಿ ನಮ್ಮೂರಿನ ಗೊಬ್ಬರದ ಅಂಗಡಿಯಲ್ಲಿಯೇ ಇತ್ತು. ರೋಗ ಐದು ದಿನದಲ್ಲಿ ನಿಂತಿತು. ಹನ್ನೊಂದು ಮಡಿಗಳಲ್ಲಿ ಅಷ್ಟು ಹೊತ್ತಿಗೆ ಉಳಿದದ್ದು ನಾಲ್ಕು. ಆ ವರ್ಷ ನಮ್ಮ ಬ್ಯಾರನ್ ಅರ್ಧ ಖಾಲಿಯಾಗಿ ಉರಿಯಿತು. ಸೌದೆ ಮಾತ್ರ ಎಂದಿನಷ್ಟೇ ತಿಂದಿತು.

ನಾನು ಮತ್ತೆ ಅರ್ಜಿ ಬರೆದೆ. ನನ್ನ ಹೆಸರನ್ನು ತೆಗೆಯಬೇಕು, ಮತ್ತು ಆ ನಿಷೇಧದ ಪಟ್ಟಿಯನ್ನು ನಾಗರಿಕರಿಗೆ ತೋರಿಸಬೇಕು ಎಂದು ಕೇಳಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಪಟ್ಟಿ ಗೌಪ್ಯವಾದದ್ದು, ತೋರಿಸಿದರೆ ಏನನ್ನು ನೋಡಬಾರದೆಂಬುದು ಜನರಿಗೆ ತಿಳಿದುಬಿಡುತ್ತದೆ. ದಾಖಲೆಯನ್ನು ಅಳಿಸಲಾಗದು, ಆದರೆ ಅರ್ಜಿದಾರರ ವಯಸ್ಸನ್ನು ಪರಿಗಣಿಸಿ ಈ ಬಾರಿ ಕ್ರಮ ಕೈಗೊಳ್ಳುವುದಿಲ್ಲ. ಅದೇ ವಾರ ಇನ್ನೊಂದು ಸರ್ಕಾರಿ ಲಕೋಟೆಯೂ ಬಂದಿತ್ತು. ಪರವಾನಗಿಯಲ್ಲಿ ಹೇಳಿರುವಷ್ಟು ಸೊಪ್ಪನ್ನು ಹರಾಜಿಗೆ ಏಕೆ ತಂದಿಲ್ಲವೆಂದು ಅದರಲ್ಲಿ ವಿವರಣೆ ಕೇಳಿದ್ದರು.

ಹನ್ನೆರಡು ದಿನಗಳಲ್ಲಿ ಮೂರು ನನ್ನ ಹಟಕ್ಕೆ ಸೇರಿದವು, ಒಪ್ಪುತ್ತೇನೆ. ಜರಡಿ ಬೇಕೆಂದು ಕೇಳಿದವಳು ನಾನೇ, ಅದನ್ನೂ ಬಚ್ಚಿಟ್ಟಿಲ್ಲ. ಉಳಿದ ಒಂಬತ್ತು ದಿನ ನಿಮ್ಮವು. ಪಟ್ಟಿ ಮಾಡಿದ ಮಹನೀಯರೇ, ಆ ಒಂಬತ್ತು ದಿನಗಳಲ್ಲಿ ಕೊಳೆತುಹೋದದ್ದು ನನ್ನ ಸಸಿ. ಕೆಡದೆ ಉಳಿದದ್ದು ಯಾರ ಶೀಲ?